ಕಟ್ಟೆ ತುಂಬಿದರೆ ಸಾಕಾ? ಕೊನೇ ಗದ್ದೆಗೆ ನೀರು ತಲುಪಬೇಡವಾ?

ಮಳೆಗಾಲ ಬಂತು ಅಂದ್ರೆ ನಮ್ಮ ನ್ಯೂಸ್ ಚಾನೆಲ್‌ಗಳಲ್ಲಿ ಒಂದು ಅಂಕಿ ಓಡೋಕೆ ಶುರುವಾಗುತ್ತೆ. ಕೆ.ಆರ್.ಎಸ್. ಇಂದು ಇಷ್ಟು ಅಡಿ! 124.80 ಅಡಿ ಮುಟ್ಟಿದ ದಿನ ಅದೇ ಬ್ರೇಕಿಂಗ್ ನ್ಯೂಸ್. ಆದರೆ ವಿಶ್ವೇಶ್ವರಯ್ಯ ನಾಲೆಯ ಕೊನೆಯಲ್ಲಿರುವ ಮದ್ದೂರು, ಮಳವಳ್ಳಿ ಕಡೆಯ ರೈತನನ್ನು ಕೇಳಿ ನೋಡಿ. ಅವನ ಪ್ರಶ್ನೆ ಒಂದೇ. ಕಟ್ಟೆ ತುಂಬಿದೆ ಸ್ವಾಮಿ, ನನ್ನ ಗದ್ದೆಗೆ ನೀರು ಯಾವಾಗ?

ವೀಕ್ಷಕರೇ, ಔಷಧಿಯ ಕಥೆಯೂ ಹೀಗೇ. ನಾವು ನುಂಗಿದ ಮಾತ್ರೆ, ಚುಚ್ಚಿಸಿಕೊಂಡ ಇಂಜೆಕ್ಷನ್ ರಕ್ತಕ್ಕೆ ಸೇರಿ ಇಡೀ ಮೈಯಲ್ಲಿ ಹರಿಯುತ್ತೆ. ಕಾಯಿಲೆ ಇರೋದು ಒಂದು ಕಡೆ, ಔಷಧಿ ಹೋಗೋದು ಎಲ್ಲಾ ಕಡೆ. ಬೇಕಾದ ಕಡೆ ಸಾಲದು, ಬೇಡದ ಕಡೆ ಹಾನಿ. ಹಾಗಾದರೆ ಔಷಧಿಗೂ ಒಂದು ನಾಲೆ, ಒಂದು ತೂಬು ಕಟ್ಟೋಕಾಗಲ್ವಾ? ಜರ್ಮನಿಯ ಪಾಲ್ ಎರ್ಲಿಕ್ ನೂರು ವರ್ಷಕ್ಕೂ ಹಿಂದೆಯೇ ಈ ಕನಸು ಕಂಡಿದ್ದರು. ರೋಗಾಣುವನ್ನಷ್ಟೇ ಹೊಡೆದು ಮೈಯನ್ನು ಬಿಟ್ಟುಬಿಡುವ ‘ಮಾಯಾ ಗುಂಡು’ ಅಂತ ಅದಕ್ಕೆ ಹೆಸರಿಟ್ಟರು.

ಇದು ನಮಗೆ ಸಂಬಂಧವಿಲ್ಲದ ವಿಜ್ಞಾನ ಅಂದ್ಕೋಬೇಡಿ. 2021ರ ಮೇ ತಿಂಗಳು ನೆನಪಿದೆಯಾ? ಕೋವಿಡ್ ಗೆದ್ದು ಬಂದವರಿಗೆ ಕಪ್ಪು ಶಿಲೀಂಧ್ರ, ಅದೇ ಬ್ಲ್ಯಾಕ್ ಫಂಗಸ್ ಬಡಿಯಿತು. ಸಕ್ಕರೆ ಕಾಯಿಲೆ ಇದ್ದವರಿಗೆ, ಸ್ಟೀರಾಯ್ಡ್ ತಗೊಂಡವರಿಗೆ ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಹಬ್ಬಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಾರ್ಡ್ ಮಾಡಬೇಕಾಯ್ತು. ಆಗ ಇಡೀ ರಾಜ್ಯ ಕಲಿತ ಹೆಸರು, ಲೈಪೋಸೋಮಲ್ ಆಂಫೊಟೆರಿಸಿನ್ ಬಿ.

ಆಂಫೊಟೆರಿಸಿನ್ ಹಳೇ ಔಷಧಿ. ಶಿಲೀಂಧ್ರದ ಜೀವಕೋಶದ ಹೊರಪದರಕ್ಕೆ ತೂತು ಹಾಕಿ ಕೊಲ್ಲುತ್ತೆ. ಆದರೆ ನಮ್ಮ ಜೀವಕೋಶಗಳನ್ನೂ ಅದು ಪೂರ್ತಿ ಬಿಡಲ್ಲ. ಹೆಚ್ಚು ಪೆಟ್ಟು ಬೀಳೋದು ಕಿಡ್ನಿಗೆ. ಇಲ್ಲೇ ಲೈಪೋಸೋಮ್ ಬರುತ್ತೆ. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ವಿವರಿಸಿದ ಕೊಬ್ಬಿನ ಪುಟ್ಟ ಗುಳ್ಳೆ ಅದು. ಗಾತ್ರದಲ್ಲಿ ಕೂದಲಿನ ದಪ್ಪದ ಹೆಚ್ಚುಕಡಿಮೆ ಸಾವಿರದ ಒಂದು ಪಾಲು. ಔಷಧಿಯನ್ನು ಈ ಗುಳ್ಳೆಯ ಗೋಡೆಯೊಳಗೆ ಕೂರಿಸಿ ಕಳಿಸಿದರೆ ದಾರಿಯಲ್ಲಿ ಅಷ್ಟಾಗಿ ಸೋರಲ್ಲ. ಶಿಲೀಂಧ್ರ ಸಿಕ್ಕಾಗ ಅದಕ್ಕೆ ಅಂಟಿಕೊಂಡು ಸರಕು ಇಳಿಸುತ್ತೆ. ಕಿಡ್ನಿಗೆ ಅಪಾಯ ಕಡಿಮೆ. ಪೂರ್ತಿ ಇಲ್ಲ ಅಂತಲ್ಲ, ಕಡಿಮೆ.

ಹಾಗಾದ್ರೆ ಅಷ್ಟೊಂದು ಪರದಾಟ ಯಾಕಾಯ್ತು? ಲೆಕ್ಕ ಹಾಕಿ. ದಿನಕ್ಕೆ ಕೆ.ಜಿ. ತೂಕಕ್ಕೆ 5 ಮಿಲಿಗ್ರಾಂ. 60 ಕೆ.ಜಿ. ಮನುಷ್ಯನಿಗೆ 300 ಮಿಲಿಗ್ರಾಂ. ಒಂದು ವಯಲ್‌ನಲ್ಲಿ ಇರೋದು 50. ಅಂದರೆ ಒಬ್ಬರಿಗೆ ದಿನಕ್ಕೆ 6 ವಯಲ್, ಅದೂ ವಾರಗಟ್ಟಲೆ! ಒಂದೊಂದಕ್ಕೂ ಸಾವಿರಾರು ರೂಪಾಯಿ. ಗುಳ್ಳೆ ತಯಾರಿಸೋಕೆ ಅತಿ ಶುದ್ಧ ಕೊಬ್ಬು ಬೇಕು, ಸಮಯ ಬೇಕು, ವಿಶೇಷ ಯಂತ್ರ ಬೇಕು. ಕೇಂದ್ರ ಸರ್ಕಾರ ಅದೇ ತಿಂಗಳು ಇನ್ನೂ ಐದು ಕಂಪನಿಗಳಿಗೆ ಅನುಮತಿ ಕೊಟ್ಟಿತು. ಜೂನ್‌ನಲ್ಲಿ ಜಿ.ಎಸ್.ಟಿ. ತೆಗೆಯಿತು. ಒಳ್ಳೇದೇ. ಆದರೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ್ದು ಅಲ್ವಾ ಇದು?

ಕ್ಯಾನ್ಸರ್‌ನಲ್ಲೂ ಇದೇ ದಾರಿ. ಗುಳ್ಳೆಯಲ್ಲಿಟ್ಟ ಡಾಕ್ಸೊರುಬಿಸಿನ್‌ಗೆ 1995ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹೃದಯಕ್ಕೆ ಆಗುವ ಹಾನಿ ತಗ್ಗಿತು. ಆದರೆ ಪವಾಡ ಅಂತ ನಂಬಬೇಡಿ. 2016ರಲ್ಲಿ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಕೊಟ್ಟ ನ್ಯಾನೋ ಕಣಗಳಲ್ಲಿ ಗೆಡ್ಡೆಗೆ ತಲುಪಿದ್ದು ಸಾಮಾನ್ಯವಾಗಿ ಶೇ. 0.7 ಮಾತ್ರ! ಉಳಿದದ್ದನ್ನು ಹೆಚ್ಚಾಗಿ ಲಿವರ್, ಗುಲ್ಮವೇ ಹಿಡಿದಿಟ್ಟುಕೊಳ್ಳುತ್ತವೆ. ಕೊನೇ ಗದ್ದೆ ಇನ್ನೂ ಒಣಗಿಯೇ ಇದೆ.

ನಾಗಮಂಗಲ ತಾಲೂಕಿನ ಬಿ.ಜಿ. ನಗರದಲ್ಲಿ ಫಾರ್ಮಸಿ ಕಾಲೇಜಿದೆ. ಬಿ.ಫಾರ್ಮಾ ಏಳನೇ ಸೆಮಿಸ್ಟರ್‌ನಲ್ಲಿ ಇದೇ ವಿಷಯ ಒಂದು ಪಾಠ. ಮಂಡ್ಯದ ರೈತರ ಮಕ್ಕಳಿಗಿಂತ ಚೆನ್ನಾಗಿ ಈ ಸಮಸ್ಯೆ ಯಾರಿಗೆ ಅರ್ಥವಾದೀತು ಹೇಳಿ?

ನಿಮಗೆ ಎರಡೇ ಮಾತು. ಹೊಟ್ಟೆಯ ಆಸಿಡ್ ದಾಟಿ ಕರುಳಲ್ಲಿ ಕರಗಲಿ ಅಂತ ಪದರ ಹಚ್ಚಿದ ಮಾತ್ರೆಗಳಿವೆ. ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಜೋಲ್ ಅಂಥದ್ದೇ. ಅದನ್ನು ಮುರಿದು, ಪುಡಿ ಮಾಡಿ ನುಂಗಬೇಡಿ. ಅದು ನಾಲೆ ಒಡೆದ ಹಾಗೆ. ಇನ್ನೊಂದು, ಆಂಫೊಟೆರಿಸಿನ್ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಸಾದಾ ಬಗೆಯ ಡೋಸ್ ತುಂಬಾ ಕಡಿಮೆ, ಅದಲು ಬದಲಾದರೆ ಪ್ರಾಣಕ್ಕೇ ಕುತ್ತು. ಯಾವ ಬಗೆ ಅಂತ ವೈದ್ಯರನ್ನು ಕೇಳಿ. ಕೇಳೋದು ತಪ್ಪಲ್ಲ.

ಸರ್ಕಾರಕ್ಕೆ ಒಂದು ಮಾತು. ಔಷಧಿ ಕಾಯಿಲೆ ಇರೋ ಜಾಗ ಮುಟ್ಟೋ ಹಾಗೆ ಮಾಡೋದು ವಿಜ್ಞಾನಿಗಳ ಕೆಲಸ. ಆ ಔಷಧಿ ಕೆ.ಆರ್. ಪೇಟೆಯ, ಪಾಂಡವಪುರದ ಬಡವನ ಮನೆ ಮುಟ್ಟೋ ಹಾಗೆ ಮಾಡೋದು ನಿಮ್ಮ ಕೆಲಸ. ತೂಬು ಎತ್ತಬೇಕಾದವರು ನೀವು.