ಕಾರಿನಡಿ ತೊಟ್ಟಿಕ್ಕುವುದು ಏನು?

1995ರಲ್ಲಿ ಪುಣೆಯ ಟೆಲ್ಕೊ ಆವರಣದಲ್ಲಿ ಮರ್ಸಿಡಿಸ್ ಬೆಂಜ್ ಸಂಸ್ಥೆ ಇ-220 ಮಾದರಿಯ ಕಾರುಗಳನ್ನು ಜೋಡಿಸಲು ಆರಂಭಿಸಿತು. ಆಗ ‘ಬೆಂಜ್ ಕಾರು’ ಎಂದರೆ ಸಿರಿವಂತಿಕೆಯ ಇನ್ನೊಂದು ಹೆಸರು. ಅವುಗಳಲ್ಲಿ ಉಳಿದುಕೊಂಡಿರುವ ಕಾರುಗಳಿಗೆ ಈಗ ಮೂವತ್ತು ವರ್ಷಗಳ ಆಸುಪಾಸಿನ ವಯಸ್ಸು. ಕಾರಿನ ಬೆಲೆ ಇಳಿದಿದೆ. ಬಿಡಿಭಾಗಗಳ ಬೆಲೆ ಮಾತ್ರ ಇಳಿದಿಲ್ಲ.

ಇಂಥ ಕಾರು ರಾತ್ರಿ ನಿಂತಿದ್ದ ಜಾಗವನ್ನು ಬೆಳಿಗ್ಗೆ ನೋಡಿದರೆ ನೆಲದ ಮೇಲೆ ಮೂರು ನಾಲ್ಕು ಬಣ್ಣದ ಕಲೆಗಳು ಕಾಣುವುದುಂಟು. ಮಾಲೀಕರು ಗಾಬರಿಯಾಗುತ್ತಾರೆ. ಎಂಜಿನ್ ಇಳಿಸಲೇಬೇಕೆಂದು ಹೇಳುವ ಮೆಕ್ಯಾನಿಕ್‌ಗಳೂ ಇದ್ದಾರೆ. ಆದರೆ ಇವೆಲ್ಲ ಬೇರೆ ಬೇರೆ ಕಾಯಿಲೆಗಳೇ? ಅನೇಕ ವೇಳೆ ಅಲ್ಲ.

ಎಂಜಿನ್ನಿನ ಎರಡು ಲೋಹದ ಭಾಗಗಳು ಕೂಡುವಲ್ಲಿ ಗ್ಯಾಸ್ಕೆಟ್, ತಿರುಗುವ ಶಾಫ್ಟ್ ಹೊರಬರುವಲ್ಲಿ ಆಯಿಲ್ ಸೀಲ್, ಕೊಳವೆಗಳ ಜೋಡಣೆಯಲ್ಲಿ ಓ-ರಿಂಗ್ ಇರುತ್ತವೆ. ಇವುಗಳಲ್ಲಿ ಹೆಚ್ಚಿನವು ಕೃತಕ ರಬ್ಬರಿನವು. ರಬ್ಬರು ಸೋರಿಕೆಯನ್ನು ತಡೆಯುವುದು ಅಂಟಿಕೊಂಡಿರುವುದರಿಂದಲ್ಲ, ಒತ್ತಿದಾಗ ತಾನೂ ಮರಳಿ ಒತ್ತುವುದರಿಂದ. ವರ್ಷಗಟ್ಟಲೆ ಬಿಸಿ ಮತ್ತು ಆಮ್ಲಜನಕದ ಸಂಪರ್ಕವಾದಾಗ ಅದು ಗಡಸಾಗುತ್ತದೆ. ದುಂಡಗಿದ್ದ ಓ-ರಿಂಗ್ ಚಪ್ಪಟೆಯಾಗಿ ಹಾಗೆಯೇ ಉಳಿದುಬಿಡುತ್ತದೆ. ಎಲ್ಲ ಸೀಲುಗಳೂ ಒಂದೇ ವಯಸ್ಸಿನವು, ಒಂದೇ ಬಿಸಿಯನ್ನು ಉಂಡವು. ಆದುದರಿಂದ ಅವು ಹೆಚ್ಚುಕಡಿಮೆ ಒಟ್ಟಿಗೇ ಸೋಲುತ್ತವೆ. ಕಾರು ಕಡಿಮೆ ಓಡಿದೆ ಎಂಬ ಮಾತ್ರಕ್ಕೆ ರಬ್ಬರಿನ ವಯಸ್ಸು ಕಡಿಮೆಯಾಗುವುದಿಲ್ಲ.

ಇದರ ಜೊತೆಗೆ ಎಷ್ಟೋ ಮಂದಿ ನೋಡದೇ ಬಿಡುವ ಇನ್ನೊಂದು ಕಾರಣವಿದೆ. ಎಂಜಿನ್ ಓಡುವಾಗ ಪಿಸ್ಟನ್ನಿನ ಉಂಗುರಗಳ ಸಂದಿಯಿಂದ ಸ್ವಲ್ಪ ಅನಿಲ ಕೆಳಕ್ಕೆ ನುಸುಳುತ್ತದೆ. ಅದನ್ನು ಬ್ರೀದರ್ ಕೊಳವೆಯ ಮೂಲಕ ಮತ್ತೆ ಎಂಜಿನ್ ಒಳಕ್ಕೇ ಎಳೆದುಕೊಳ್ಳುವ ಏರ್ಪಾಡು ಇರುತ್ತದೆ. ಕೊಳವೆ ಜಿಡ್ಡಿನಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಅಡುಗೆಮನೆಯ ಕುಕ್ಕರಿನಲ್ಲಿ ವಿಷಲ್ ಕಟ್ಟಿಕೊಂಡರೆ ಹಬೆಯು ಗ್ಯಾಸ್ಕೆಟ್ಟಿನ ಅಂಚಿನಿಂದ ಬುಸುಗುಟ್ಟುತ್ತದಲ್ಲ, ಹಾಗೆಯೇ ಇಲ್ಲಿ ದುರ್ಬಲವಾದ ಪ್ರತಿಯೊಂದು ಸೀಲಿನಿಂದಲೂ ಎಣ್ಣೆ ಜಿನುಗುತ್ತದೆ. ಕೊಳವೆಯನ್ನು ಶುಚಿಗೊಳಿಸದೆ ಸೀಲುಗಳನ್ನಷ್ಟೇ ಬದಲಿಸಿದರೆ ಹೊಸ ಸೀಲುಗಳೂ ಬಹುಕಾಲ ತಡೆಯಲಾರವು. ಕೆಲವೇ ರೂಪಾಯಿಗಳ ಈ ಕೆಲಸ ಮೊದಲು ಆಗಬೇಕು.

ಸೋರುತ್ತಿರುವುದು ಏನೆಂದು ತಿಳಿಯಲು ರಾತ್ರಿ ಕಾರಿನಡಿ ದೊಡ್ಡ ರಟ್ಟೊಂದನ್ನು ಹಾಸಿ, ಅದರ ಮೇಲೆ ಚಕ್ರಗಳ ಜಾಗವನ್ನು ಗುರುತುಮಾಡಿ ಇಡಿ. ಕಂದು ಅಥವಾ ಕಪ್ಪು ಜಿಡ್ಡು ಎಂಜಿನ್ ಆಯಿಲ್. ನೀಲಿ, ಹಸಿರು ಇಲ್ಲವೆ ಗುಲಾಬಿ ಬಣ್ಣದ, ಸಿಹಿ ವಾಸನೆಯ ನೀರು ಕೂಲಂಟ್. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿಯೆಂದು ನೆಕ್ಕಿದ ನಾಯಿ, ಬೆಕ್ಕುಗಳು ಸಾಯುವುದುಂಟು, ಕೂಡಲೇ ತೊಳೆದುಬಿಡಿ. ಕೆಂಪು ಎಣ್ಣೆ ಆಟೊಮ್ಯಾಟಿಕ್ ಗೇರಿನದು ಎನ್ನುತ್ತಾರೆ, ಆದರೆ ಅನೇಕ ಕಾರುಗಳ ಪವರ್ ಸ್ಟೀರಿಂಗಿಗೂ ಅದೇ ಎಣ್ಣೆ ಹಾಕುವುದರಿಂದ ಬಣ್ಣವಲ್ಲದೆ ಬಿದ್ದ ಜಾಗವನ್ನೂ ನೋಡಬೇಕು. ಹಿಂದಿನ ಆಕ್ಸಲ್ ಬಳಿ ಗಂಧಕದ ನಾತ ಬಂದರೆ ಅದು ಡಿಫರೆನ್ಷಿಯಲ್ ಆಯಿಲ್. ಬಣ್ಣವಿಲ್ಲದ ಬರೀ ನೀರಾದರೆ ಎ.ಸಿ.ಯದು, ಚಿಂತೆ ಬೇಡ.

ಎಣ್ಣೆ ಬಿದ್ದ ಜಾಗವೇ ಸೋರಿದ ಜಾಗವಲ್ಲ. ಎಣ್ಣೆ ಇಳಿಜಾರಿಗೆ ಹರಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ನಿನ ನೆತ್ತಿಯ ಮೇಲಿನ ಟ್ಯಾಪೆಟ್ ಕವರಿನ ಹಿಂಬದಿಯಿಂದ ಒಸರಿದ ಎಣ್ಣೆ ಗೇರ್ ಬಾಕ್ಸ್ ಕೂಡುವ ಸಂದಿಗೆ ಇಳಿದು, ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲೇ ಹೋಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಆ ಸೀಲಿಗಾಗಿ ಗೇರ್ ಬಾಕ್ಸನ್ನೇ ಇಳಿಸಬೇಕು. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಅರ್ಧ ದಿನದ ಕೆಲಸ. ಆದುದರಿಂದ ಎಂಜಿನ್ನನ್ನು ಮೊದಲು ಚೆನ್ನಾಗಿ ತೊಳೆಸಿ, ಸ್ವಲ್ಪ ದೂರ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ಹುಡುಕಬೇಕು. ಬೋಲ್ಟನ್ನು ಇನ್ನಷ್ಟು ಬಿಗಿದು ಸೋರಿಕೆ ನಿಲ್ಲಿಸುವ ಆತುರ ಬೇಡ, ಗ್ಯಾಸ್ಕೆಟ್ ನಜ್ಜುಗುಜ್ಜಾದೀತು.

ಎಲ್ಲವನ್ನೂ ಒಮ್ಮೆಲೇ ಸರಿಪಡಿಸಲು ಹಣವಿಲ್ಲವೆನ್ನಿ. ದೊಡ್ಡ ಕಲೆಗೆ ಮೊದಲ ಸರದಿ ಎಂಬುದು ತಪ್ಪು ಲೆಕ್ಕ. ಮೊದಲ ಸರದಿ ಬ್ರೇಕ್ ಆಯಿಲಿನದು. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋದರೆ ಎಣ್ಣೆ ಬೂಸ್ಟರಿನೊಳಗೇ ಸೇರಿಕೊಳ್ಳಬಹುದು. ನೆಲದ ಮೇಲೆ ಒಂದು ತೊಟ್ಟೂ ಬೀಳದೆ ಡಬ್ಬಿಯ ಮಟ್ಟ ಮಾತ್ರ ಇಳಿಯುತ್ತದೆ. ಸುತ್ತಲಿನ ಪೇಂಟ್ ಎದ್ದುಬಂದಿದ್ದರೂ ಅನುಮಾನಿಸಿ. ಪೆಟ್ರೋಲ್ ವಾಸನೆ ಬಂದರೆ ಕಾರನ್ನು ಚಾಲೂ ಮಾಡಲೇಬೇಡಿ. ಈಗಿನ ಪೆಟ್ರೋಲಿನಲ್ಲಿ 20% ವರೆಗೂ ಎಥೆನಾಲ್ ಇರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಅದಕ್ಕೆಂದು ಮಾಡಿರಲಿಲ್ಲ. ಅನಂತರ ಕೂಲಂಟ್. ಅದು ಕಡಿಮೆಯಾದರೆ ಎಂಜಿನ್ ಕಾದು ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಒಸರುವ ಎಂಜಿನ್ ಆಯಿಲ್, ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ ಬೀಳದಿದ್ದರೆ, ಸ್ವಲ್ಪ ಕಾಯಬಹುದು.

ಎಷ್ಟು ಕಾಯಬಹುದು ಎಂಬುದನ್ನು ನೀವೇ ಲೆಕ್ಕ ಹಾಕಿ. ಸುಮಾರು 20 ತೊಟ್ಟು ಸೇರಿದರೆ 1 ಮಿಲಿಲೀಟರ್ ಎಂದುಕೊಳ್ಳೋಣ. ಹತ್ತು ಸೆಕೆಂಡಿಗೆ ಒಂದು ತೊಟ್ಟು ಬಿದ್ದರೂ ದಿನಕ್ಕೆ 432 ಮಿಲಿಲೀಟರ್, ಅಂದರೆ ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ. ಕೆಲವು ಸೋರಿಕೆಗಳು ಎಂಜಿನ್ ಓಡುವಾಗ, ಒಳಗೆ ಒತ್ತಡವಿದ್ದಾಗ ಮಾತ್ರ ಕಾಣಿಸಿಕೊಳ್ಳುತ್ತವೆ, ರಾತ್ರಿಯ ರಟ್ಟು ಅವನ್ನು ತೋರಿಸದು. ಹಾಗಾಗಿ ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಎಂಜಿನ್ ತಣ್ಣಗಿದ್ದಾಗ ಡಿಪ್‌ಸ್ಟಿಕ್ಕಿನ ಮಟ್ಟವನ್ನು ಕಿಲೋಮೀಟರ್ ಅಂಕಿಯ ಪಕ್ಕದಲ್ಲಿ ವಾರವಾರವೂ ಬರೆದಿಡಿ.