ಬೆಳಗೊಳದ ದಾರಿಯ ಘಾಟಿ ಕಣಿವೆ: ಯಾವ ಭಾಗವನ್ನು ನೋಡಬೇಕು?

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಜೈನ ಬಂಧುಗಳು ಶ್ರವಣಬೆಳಗೊಳದ ಯಾತ್ರೆಗೆ ಹೊರಟರೆ ಪಶ್ಚಿಮ ಘಟ್ಟವನ್ನು ಹತ್ತಲೇಬೇಕು. ಶಿರಾಡಿ, ಬಿಸಿಲೆ ಅಥವಾ ರೈಲು, ಯಾವ ದಾರಿ ಹಿಡಿದರೂ ಕುಮಾರಧಾರಾ ನದಿಯೂ ಅದರ ಉಪನದಿಗಳೂ ಕೊರೆದ ಆಳವಾದ ಕಣಿವೆ ಎದುರಾಗುತ್ತದೆ. ಹೇಗೂ ಹೋಗುವ ದಾರಿ, ಕಣಿವೆಯನ್ನೂ ನೋಡಿಕೊಂಡೇ ಹೋಗೋಣ ಎಂಬ ಆಸೆ ಮನೆಯ ಮಕ್ಕಳಿಗಿರುತ್ತದೆ. ಸೂರ್ಯಾಸ್ತದೊಳಗೆ ಊಟ ಮುಗಿಯಬೇಕು, ಮೊಣಕಾಲಿಗೆ ಆಯಾಸವಾಗಬಾರದು ಎಂಬ ಚಿಂತೆ ಹಿರಿಯರದು. ಕಣಿವೆಯ ಯಾವ ಭಾಗವನ್ನು ಆರಿಸಿಕೊಂಡರೆ ಈ ಎರಡೂ ನಡೆದೀತು ಎಂಬುದರ ವಿವರ ಇಲ್ಲಿದೆ.

ಒಂದೇ ಕಡೆ ನಿಂತರೆ ಏಕೆ ಕಾಣುವುದಿಲ್ಲ?

ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟದಲ್ಲಿ ಕೋಟೆಯ ಅಂಚಿಗೆ ಹೋದರೆ ಪೆನ್ನಾ ನದಿ ಕೊರೆದ ಕಮರಿ ಒಂದೇ ನೋಟಕ್ಕೆ ಸಿಗುತ್ತದೆ. ಅದು ಮಳೆ ಕಡಿಮೆಯಿರುವ ಪ್ರದೇಶ. ಬಂಡೆಯ ಗೋಡೆಗಳು ಬೋಳಾಗಿವೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲೂ ಹಾಗೆಯೇ. ಆದರೆ ಅಲ್ಲಿ ದಕ್ಷಿಣದ ಅಂಚೋ ಉತ್ತರದ ಅಂಚೋ ಎಂದು ಮೊದಲೇ ನಿರ್ಧರಿಸದೆ ಹೊರಡುವಂತಿಲ್ಲ. ಎರಡು ಅಂಚುಗಳ ನಡುವೆ ನೇರ ದೂರ ಸುಮಾರು 16 ಕಿ.ಮೀ. ಆದರೆ, ರಸ್ತೆಯಲ್ಲಿ ಸುತ್ತಿಬರಲು ಸುಮಾರು 340 ಕಿ.ಮೀ. ಆಗುತ್ತದೆ.

ನಮ್ಮ ಘಾಟಿಯಲ್ಲಿ ತೊಡಕು ಬೇರೆ ರೀತಿಯದು. ಇಲ್ಲಿ ಸುರಿಯುವ ಮಳೆಯೇ ಕಣಿವೆಯನ್ನು ಕೊರೆದಿದೆ, ಅದೇ ಮಳೆ ಅದನ್ನು ಕಾಡಿನಿಂದ ಮುಚ್ಚಿಯೂ ಇದೆ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಕೆಳಗಿನ ನೆಟ್ಟಣ ಸುಮಾರು 100 ಮೀಟರಿನ ಮಟ್ಟದಲ್ಲಿದೆ. ಇಷ್ಟು ಇಳಿತವನ್ನು ಹೊಳೆಗಳು ಕೆಲವೇ ಕಿ.ಮೀ. ದೂರದಲ್ಲಿ ಮುಗಿಸುವುದರಿಂದ ಕಣಿವೆಗಳು ಇಕ್ಕಟ್ಟಾಗಿ, ಕಡಿದಾಗಿ ಇವೆ. ಶಿರಾಡಿಯ ಕೆಂಪುಹೊಳೆ ಗುಂಡ್ಯ ಹೊಳೆಯಾಗಿ ಕುಮಾರಧಾರೆಗೆ ಸೇರುತ್ತದೆ. ಕುಮಾರಧಾರೆ ಪುತ್ತೂರು ತಾಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಕಣಿವೆ ಒಂದೇ ಅಲ್ಲ, ಒಂದರ ಬೆನ್ನಿಗೆ ಒಂದರಂತೆ ಹಲವಿವೆ. ಅವುಗಳ ಒಳಗನ್ನು ತೋರಿಸುವ ಜಾಗ ಬೇರೆ, ಮೇಲಿನಿಂದ ತೋರಿಸುವ ಜಾಗ ಬೇರೆ.

ರೈಲು: ಕಣಿವೆಯ ಒಳಗಿನ ನೋಟ

ಹಿರಿಯರಿರುವ ತಂಡಕ್ಕೆ ಮೊದಲ ಆಯ್ಕೆ ಹಗಲಿನ ರೈಲು. ಸುಬ್ರಹ್ಮಣ್ಯ ರೋಡ್ ನಿಲ್ದಾಣವಿರುವುದು ಕಡಬ ತಾಲೂಕಿನ ನೆಟ್ಟಣದಲ್ಲಿ. ಅಲ್ಲಿಂದ ಸಕಲೇಶಪುರದವರೆಗಿನ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಪ್ರತಿ 50 ಮೀಟರಿಗೆ ಒಂದು ಮೀಟರಿನಷ್ಟು ಏರು ಇರುವುದರಿಂದ ಹೆಚ್ಚುವರಿ ಎಂಜಿನ್ ಕೂಡಿಸಿ ರೈಲನ್ನು ನಿಧಾನವಾಗಿ ಹತ್ತಿಸುತ್ತಾರೆ. ಈ ನಿಧಾನವೇ ನೋಡುವವರಿಗೆ ಅನುಕೂಲ. ಶಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಾಲ್ ದಾಟುವ ಈ ಹಾದಿಗೆ ಸುಮಾರು ಎರಡೂವರೆ ಗಂಟೆ ಬೇಕು. ಸುರಂಗದ ಕತ್ತಲೆ ಕಳೆದ ಕೂಡಲೇ ಸೇತುವೆ, ಅದರ ಕೆಳಗೆ ತೊರೆ, ಮತ್ತೆ ಸುರಂಗ. ರಸ್ತೆಯಿಂದ ಕಾಣಿಸದ ಕಣಿವೆಯ ಒಳಮೈ ಇಲ್ಲಿ ಕಾಣುತ್ತದೆ.

ಹಾಸನ–ಮಂಗಳೂರು ಮೀಟರ್ ಗೇಜ್ ಹಾದಿ 1979ರಲ್ಲಿ ತೆರೆಯಿತು. ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿದ ಹಾದಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. 2017ರಲ್ಲಿ ಹಾಸನ–ಬೆಂಗಳೂರು ಹೊಸ ಮಾರ್ಗ ಪೂರ್ಣಗೊಂಡ ಮೇಲೆ ಶ್ರವಣಬೆಳಗೊಳವೇ ಈ ದಾರಿಯ ಒಂದು ನಿಲ್ದಾಣವಾಯಿತು. ಯಶವಂತಪುರ–ಮಂಗಳೂರು ಹಗಲು ರೈಲಿಗೆ ಗೋಮಟೇಶ್ವರ ಎಕ್ಸ್‌ಪ್ರೆಸ್ ಎಂಬ ಹೆಸರಿದೆ. ದೊಡ್ಡ ಗಾಜಿನ ಕಿಟಕಿ, ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳು ಈ ಮಾರ್ಗಕ್ಕೆ ಬಂದದ್ದು 2021ರ ಜುಲೈನಲ್ಲಿ. ಕಬಕ ಪುತ್ತೂರು ಅಥವಾ ಸುಬ್ರಹ್ಮಣ್ಯ ರೋಡ್‌ನಲ್ಲಿ ಹತ್ತಿ ಬೆಳಗೊಳದಲ್ಲಿ ಇಳಿದರೆ ಕಣಿವೆಯೂ ಯಾತ್ರೆಯೂ ಒಂದೇ ಟಿಕೇಟಿನಲ್ಲಿ ಆಗುತ್ತವೆ.

ಎರಡು ವಿಷಯ ನೆನಪಿರಲಿ. ಹಗಲು ರೈಲು ದಿನವೂ ಇರುವುದಿಲ್ಲ. ರಾತ್ರಿ ರೈಲಿನಲ್ಲಿ ಹೋದರೆ ಘಾಟಿಯಲ್ಲಿ ಕಾಣುವುದು ಕತ್ತಲೆ ಮಾತ್ರ. ಮಳೆಗಾಲದಲ್ಲಿ ಈ ಹಾದಿಯ ಮೇಲೆ ಗುಡ್ಡ ಕುಸಿಯುವುದೂ ಉಂಟು. 2018ರ ಆಗಸ್ಟಿನಲ್ಲಿ ಹಲವೆಡೆ ಕುಸಿದಿತ್ತು. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಕುಸಿದು ಸಂಚಾರ ನಿಂತಿತ್ತು. 2025ರಲ್ಲಿ ವಿದ್ಯುದೀಕರಣದ ಕೆಲಸಕ್ಕಾಗಿ ಹಗಲು ರೈಲುಗಳನ್ನು ಕೆಲವು ತಿಂಗಳು ನಿಲ್ಲಿಸಲಾಗಿತ್ತು. ಆದ್ದರಿಂದ ಹೊರಡುವ ವಾರದಲ್ಲಿ ವೇಳಾಪಟ್ಟಿಯನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹಿಂದೆ ಯುವಕರು ದೋಣಿಗಾಲಿನಿಂದ ಹಳಿಯ ಮೇಲೆಯೇ ಎಡಕುಮೇರಿಯವರೆಗೆ ನಡೆಯುತ್ತಿದ್ದರು. ಈಗ ಅದಕ್ಕೆ ಅವಕಾಶವಿಲ್ಲ. ಹಳಿಯ ಮೇಲೆ ಅನುಮತಿಯಿಲ್ಲದೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ. ಸುರಂಗದ ಮಧ್ಯೆ ರೈಲು ಎದುರಾದರೆ ಪಕ್ಕಕ್ಕೆ ಸರಿದು ನಿಲ್ಲಲೂ ಸರಿಯಾದ ಜಾಗವಿರುವುದಿಲ್ಲ. ಹಳೆಯ ಫೋಟೋ, ವಿಡಿಯೋ ನೋಡಿ ಮಕ್ಕಳು ಹಟ ಹಿಡಿದರೆ ಮನೆಯವರು ಇದನ್ನು ತಿಳಿಸಿ ಹೇಳಬೇಕು.

ಬಿಸಿಲೆ: ಮೇಲಿನಿಂದ ಕಾಣುವ ಕಣಿವೆ

ಕಣಿವೆಯ ಆಳ ಎಷ್ಟೆಂದು ಕಣ್ಣಿಗೆ ತಿಳಿಯಬೇಕಾದರೆ ಬಿಸಿಲೆಗೆ ಹೋಗಬೇಕು. ಕುಕ್ಕೆ ಸುಬ್ರಹ್ಮಣ್ಯದ ಕುಲ್ಕುಂದದಿಂದ ದಟ್ಟ ಕಾಡಿನ ನಡುವೆ ಏರುವ ರಸ್ತೆ ಹಾಸನ ಜಿಲ್ಲೆಯ ಸಕಲೇಶಪುರ ತಾಲೂಕಿನ ಬಿಸಿಲೆಗೆ ತಲುಪುತ್ತದೆ. ಊರಿನ ಹತ್ತಿರವೇ ಅರಣ್ಯ ಇಲಾಖೆಯ ವೀಕ್ಷಣಾ ತಾಣವಿದೆ. ವಾಹನ ನಿಲ್ಲಿಸಿ ಸ್ವಲ್ಪ ನಡೆದರೆ ಸಾಕು, ಎದುರಿಗೆ ಕುಮಾರ ಪರ್ವತದ ಸಾಲು, ಕೆಳಗೆ ಕಾಡು ತುಂಬಿದ ಕಣಿವೆ. ನಡೆಯುವ ಶಕ್ತಿ ಕಡಿಮೆಯಿದ್ದವರೂ ಇಲ್ಲಿ ಇಡೀ ಕಣಿವೆಯನ್ನು ಒಟ್ಟಾಗಿ ನೋಡಬಹುದು. ಘಾಟಿಯ ಉಳಿದ ಭಾಗಗಳಲ್ಲಿ ಈ ಸೌಕರ್ಯವಿಲ್ಲ.

ಇದೇ ರಸ್ತೆಯಲ್ಲಿ ಮುಂದೆ ಮಂಕನಹಳ್ಳಿಯ ಹತ್ತಿರ ನೀರು ಇಬ್ಭಾಗವಾಗುವ ದಿಣ್ಣೆಯನ್ನು ಗುರುತಿಸುವ ಕಲ್ಲಿದೆ. ಅದರ ಒಂದು ಬದಿಗೆ ಬಿದ್ದ ಮಳೆಹನಿ ಕುಮಾರಧಾರೆ, ನೇತ್ರಾವತಿಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಬದಿಗೆ ಬಿದ್ದದ್ದು ಹೇಮಾವತಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಸೇರುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ತೋರಿಸಬೇಕಾದ ಜಾಗವಿದು.

ಬಿಸಿಲೆ ರಸ್ತೆ ಕಿರಿದು, ತಿರುವುಗಳು ಬಹಳ. ವಾಂತಿಯಾಗುವವರು ಮುಂದಿನ ಸೀಟಿನಲ್ಲಿ ಕೂರುವುದು ಲೇಸು. ಆನೆಗಳ ಓಡಾಟವಿರುವ ಕಾಡಾದ್ದರಿಂದ ಕತ್ತಲಾಗುವ ಮೊದಲೇ ದಾಟಿಬಿಡಬೇಕು. ಪೆಟ್ರೋಲ್, ಊಟ, ನೀರಿನ ವ್ಯವಸ್ಥೆಯನ್ನು ಸುಬ್ರಹ್ಮಣ್ಯದಲ್ಲೇ ಮುಗಿಸಿಕೊಳ್ಳಬೇಕು. ಮಳೆಗಾಲದಲ್ಲಿ ಮಂಜು ಮುಚ್ಚಿ ಏನೂ ಕಾಣದೆ ಹಿಂತಿರುಗಿದವರೇ ಹೆಚ್ಚು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೆಳಗಿನ ಹೊತ್ತು ನೋಟ ತಿಳಿಯಾಗಿರುತ್ತದೆ.

ಕಾರಿನಲ್ಲಿ ಹೀಗೆ ಘಟ್ಟ ಹತ್ತಿದವರು ಬೇಲೂರಿನ ಕಡೆಯಿಂದ ಹಳೇಬೀಡಿಗೂ ಹೋಗಬಹುದು. ಅಲ್ಲಿನ ಬಸ್ತಿಹಳ್ಳಿಯಲ್ಲಿ 1133ರ ಪಾರ್ಶ್ವನಾಥ ಬಸದಿ, ಜೊತೆಗೆ ಶಾಂತಿನಾಥ, ಆದಿನಾಥ ಬಸದಿಗಳಿವೆ. ಹಾಸನದಿಂದ ಬೆಳಗೊಳಕ್ಕೆ ಸುಮಾರು 50 ಕಿ.ಮೀ.

ಕುಮಾರ ಪರ್ವತ: ಕಾಲಿಗೆ ಶಕ್ತಿಯಿದ್ದವರಿಗೆ ಮಾತ್ರ

ಕುಮಾರ ಪರ್ವತದ ಎತ್ತರ 1712 ಮೀಟರ್. ಕುಕ್ಕೆಯಿಂದ ಗಿರಿಗದ್ದೆ, ಶೇಷಪರ್ವತದ ಮೂಲಕ ಒಂದು ಕಡೆಗೆ ಸುಮಾರು 13 ಕಿ.ಮೀ. ನಡಿಗೆ; ಹತ್ತಬೇಕಾದ ಎತ್ತರ ಒಂದೂವರೆ ಸಾವಿರ ಮೀಟರಿಗಿಂತ ಹೆಚ್ಚು. ಅರಣ್ಯ ಇಲಾಖೆಯಲ್ಲಿ ಮುಂಚಿತವಾಗಿ ನೋಂದಣಿ ಮಾಡಿಸಿಕೊಳ್ಳಬೇಕು. ಮಳೆಗಾಲದಲ್ಲಿ, ಬೆಂಕಿಯ ಭಯವಿರುವ ಬೇಸಿಗೆಯಲ್ಲಿ ಚಾರಣಕ್ಕೆ ಬಿಡುವುದಿಲ್ಲ. ಪುಷ್ಪಗಿರಿ ವನ್ಯಧಾಮ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು. ಯಾತ್ರೆಯ ನಡುವೆ ಇದನ್ನು ತುರುಕುವುದು ಬೇಡ. ಬೆಟ್ಟ ಹತ್ತಿ ಬಳಲಿದ ಕಾಲಿನಲ್ಲಿ ಮರುದಿನ ವಿಂಧ್ಯಗಿರಿಯ ಮೆಟ್ಟಿಲು ಏರುವುದು ಯುವಕರಿಗೂ ಕಷ್ಟವೇ. ಇಷ್ಟವಿದ್ದವರು ಬೇರೆಯೇ ಒಂದು ಪ್ರವಾಸ ಇಟ್ಟುಕೊಳ್ಳಲಿ.

ಶಿರಾಡಿ ಮತ್ತು ಸಂಪಾಜೆ: ದಾಟುವ ದಾರಿಗಳು

ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿ ಎಲ್ಲಕ್ಕಿಂತ ಪರಿಚಿತ. ಕೆಂಪುಹೊಳೆಯ ಪಕ್ಕದಲ್ಲೇ ಸಾಗುವ ದಾರಿ ಸುಂದರವೇನೋ ಹೌದು. ಆದರೆ ಟ್ಯಾಂಕರ್, ಲಾರಿ, ಬಸ್ಸುಗಳ ನಡುವೆ ವಾಹನ ನಿಲ್ಲಿಸಿ ನೋಡುವ ಜಾಗ ಅದಲ್ಲ. ಕಾಂಕ್ರೀಟ್ ಕಾಮಗಾರಿಗೆಂದು 2015 ಮತ್ತು 2018ರಲ್ಲಿ ಈ ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. ಕುಸಿತವಾದಾಗ ಗಂಟೆಗಟ್ಟಲೆ ವಾಹನಗಳು ನಿಲ್ಲುವುದೂ ಇದೆ. ಬೇಗ ದಾಟಲು ಶಿರಾಡಿ, ನೋಡಲು ಬೇರೆ ದಾರಿ ಎಂದುಕೊಳ್ಳುವುದು ಸರಿ.

ಸುಳ್ಯದವರಿಗೆ ಸಂಪಾಜೆಯ ಮೂಲಕ ಮಡಿಕೇರಿಗೆ ಏರುವ ದಾರಿ ಹತ್ತಿರ. ಅದು ಪಯಸ್ವಿನಿಯ ಕಣಿವೆ, ಕುಮಾರಧಾರೆಯದಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಸುತ್ತ ಗುಡ್ಡಗಳೇ ಜಾರಿ ಬಂದದ್ದು ಈ ಭಾಗದವರಿಗೆ ಮರೆತಿಲ್ಲ. ಭಾರೀ ಮಳೆಯ ದಿನಗಳಲ್ಲಿ ಈ ದಾರಿಯನ್ನೂ ನೋಟಕ್ಕೆಂದು ಆರಿಸಬಾರದು.

ಹೊಳೆಯ ಬದಿ

ಕಣಿವೆಯ ತಳದಲ್ಲಿ ಕುಮಾರಧಾರೆಯ ನೀರಿಗಿಳಿಯುವ ಆಸೆ ಎಲ್ಲರಿಗೂ ಬರುತ್ತದೆ. ಇಲ್ಲಿ ಎಚ್ಚರ ಬಹಳ ಮುಖ್ಯ. ಮೇಲಿನ ಬೆಟ್ಟದಲ್ಲಿ ಮಳೆ ಸುರಿದರೆ ಕೆಳಗೆ ಬಿಸಿಲಿದ್ದರೂ ಹೊಳೆ ಹಠಾತ್ತಾಗಿ ಏರುತ್ತದೆ. ಕಣಿವೆ ಕಡಿದಾಗಿರುವುದರಿಂದ ನೀರು ಬರಲು ಹೆಚ್ಚು ಹೊತ್ತು ಬೇಡ. ನೀರು ಕೆಂಪಾದರೆ, ತರಗೆಲೆ ತೇಲಿ ಬಂದರೆ, ಮಕ್ಕಳನ್ನು ಕೂಡಲೇ ದಡಕ್ಕೆ ಕರೆದುಕೊಳ್ಳಬೇಕು. ಪರಿಚಯವಿಲ್ಲದ ಗುಂಡಿಗಳಿಗೆ ಇಳಿಯಬಾರದು.

ನಿಯಮ ಪಾಲಿಸುವವರಿಗೆ

ರಾತ್ರಿ ಭೋಜನ ತ್ಯಾಗದ ನಿಯಮವಿರುವವರಿಗೆ ಘಾಟಿಯ ಸಂಜೆ ಒಂದು ಪರೀಕ್ಷೆ. ಡಿಸೆಂಬರಿನಲ್ಲಿ 6 ಗಂಟೆ ದಾಟಿದ ಸ್ವಲ್ಪ ಹೊತ್ತಿಗೇ ಸೂರ್ಯಾಸ್ತ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವವರು 5 ಗಂಟೆಗೇ ಬುತ್ತಿ ಬಿಚ್ಚಬೇಕಾಗುತ್ತದೆ. ಕರಾವಳಿಯಿಂದ ಹೊರಡುವ ಹಗಲು ರೈಲು ಘಾಟಿ ಹತ್ತಿ ಮುಗಿಸುವಾಗ ಸಂಜೆ ಹತ್ತಿರವಾಗಿರಲೂಬಹುದು. ಬೆಳಗೊಳ ತಲುಪಿದ ಮೇಲೆ ಊಟ ಎಂದು ಕಾದರೆ ಆ ದಿನ ಉಪವಾಸವೇ ಆದೀತು. ಈರುಳ್ಳಿ, ಆಲೂಗಡ್ಡೆಯಿಲ್ಲದ ಆಹಾರ ದಾರಿಯಲ್ಲಿ ಸಿಗುವುದೆಂಬ ಭರವಸೆಯಿಲ್ಲ. ಅವಲಕ್ಕಿ, ಚಪಾತಿ, ಬಾಳೆಹಣ್ಣು, ಕುದಿಸಿ ಆರಿಸಿದ ನೀರು ಮನೆಯಿಂದಲೇ ಇರಲಿ.

ಮಳೆಗಾಲ ಬೇಡ ಎನ್ನಲು ಇನ್ನೊಂದು ಕಾರಣವೂ ಇದೆ. ಆಗ ಕಾಡಿನ ದಾರಿಗಳಲ್ಲಿ ಇಂಬಳ ತುಂಬಿರುತ್ತವೆ. ಕಾಲಿಗೆ ಹತ್ತಿದ ಇಂಬಳಕ್ಕೆ ಉಪ್ಪು, ಸುಣ್ಣ ಹಾಕುವುದು ರೂಢಿ. ಅದರಿಂದ ಜೀವ ಹೋಗುತ್ತದೆ. ಉಗುರಿನ ಅಂಚಿನಿಂದ ಅದರ ಬಾಯಿಯನ್ನು ಮೆಲ್ಲಗೆ ಸರಿಸಿ ಬಿಡಿಸಬಹುದು. ಸೂಕ್ಷ್ಮ ಜೀವಿಗಳು ಹೆಚ್ಚುವ ಕಾಲವೆಂದೇ ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ. ಶ್ರಾವಕರೂ ಆ ದಿನಗಳಲ್ಲಿ ಕಾಡಿನ ಕಣಿವೆಯ ಸುತ್ತಾಟವನ್ನು ಬಿಟ್ಟರೆ ಅಪಾಯವೂ ಹಿಂಸೆಯೂ ಎರಡೂ ತಪ್ಪುತ್ತವೆ.

ಯಾರಿಗೆ ಯಾವುದು?

ಅಜ್ಜ, ಅಜ್ಜಿ ಜೊತೆಗಿದ್ದರೆ: ಹಗಲು ರೈಲು. ಪುತ್ತೂರಿನವರು ಕಬಕ ಪುತ್ತೂರಿನಲ್ಲಿ, ಕಡಬ ಮತ್ತು ಸುಳ್ಯದವರು ನೆಟ್ಟಣದಲ್ಲಿ ಹತ್ತಬಹುದು.

ಕಾರು ಇದ್ದು, ಶಾಲೆಯ ಮಕ್ಕಳಿದ್ದರೆ: ಬಿಸಿಲೆ. ಪುತ್ತೂರಿನವರು ಕಾಣಿಯೂರು ಮಾರ್ಗವಾಗಿ, ಸುಳ್ಯದವರು ಗುತ್ತಿಗಾರು ಮಾರ್ಗವಾಗಿ ಸುಬ್ರಹ್ಮಣ್ಯಕ್ಕೆ ಬೆಳಿಗ್ಗೆ ಬೇಗ ತಲುಪಿದರೆ ಮಧ್ಯಾಹ್ನದೊಳಗೆ ಘಟ್ಟದ ಮೇಲಿರಬಹುದು.

ಹೊತ್ತು ಕಡಿಮೆಯಿದ್ದರೆ: ಶಿರಾಡಿ. ಕಣಿವೆಯ ನೋಟ ಇನ್ನೊಮ್ಮೆಗೆ ಇರಲಿ.

ಎರಡು ದಿನ ಇದ್ದರೆ: ಹೋಗುವಾಗ ಬಿಸಿಲೆಯಿಂದ ಹತ್ತಿ, ಬೆಳಗೊಳದಲ್ಲಿ ಉಳಿದು, ಮರುದಿನ ಹಗಲು ರೈಲಿದ್ದರೆ ಕಾರಿನವರನ್ನು ಶಿರಾಡಿಯಲ್ಲಿ ಕಳುಹಿಸಿ ಹಿರಿಯರೂ ಮಕ್ಕಳೂ ರೈಲಿನಲ್ಲಿ ಇಳಿಯಬಹುದು. ಮೇಲಿನಿಂದ ನೋಡಿದ ಕಣಿವೆಯ ಒಳಗೇ ಸಾಗಿ ಊರು ಸೇರಿದಂತಾಗುತ್ತದೆ.

ದಾರಿ ಆರಿಸುವಾಗ ತಂಡದಲ್ಲಿ ಎಲ್ಲರಿಗಿಂತ ಹಿರಿಯರು ಯಾರು, ಅಂದು ಸೂರ್ಯಾಸ್ತ ಎಷ್ಟು ಗಂಟೆಗೆ ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಿಕೊಂಡರೆ ಉಳಿದದ್ದು ತಾನಾಗಿ ತೀರ್ಮಾನವಾಗುತ್ತದೆ.