ಕೊಟ್ಟಿಗೆಗೆ ಬರುವ ಹೊಸ ರಾಸು

ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ ಮೊದಲಾದ ದನಗಳ ಜಾತ್ರೆಗಳಲ್ಲಿ ಎತ್ತು ಕೊಳ್ಳುವ ರೈತನು ಹಲ್ಲನ್ನೆಣಿಸುತ್ತಾನೆ; ಸುಳಿಯನ್ನು ಪರೀಕ್ಷಿಸುತ್ತಾನೆ; ನಡೆಸಿ ನೋಡುತ್ತಾನೆ; ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಕ್ರಯವನ್ನು ನಿಶ್ಚಯಿಸುತ್ತಾನೆ. ಇಷ್ಟು ಎಚ್ಚರವುಳ್ಳವನೂ ಮನೆಯ ಬಾಗಿಲಲ್ಲಿ ಎಚ್ಚರ ತಪ್ಪುವುದುಂಟು. ಹೊಸ ಎತ್ತುಗಳಿಗೆ ಅರಿಸಿನ ಕುಂಕುಮವಿಟ್ಟು, ಆರತಿಯೆತ್ತಿ, ಆ ಸಂಜೆಯೇ ಅವನ್ನು ಹಳೆಯ ರಾಸುಗಳ ಪಕ್ಕದಲ್ಲಿ ಕಟ್ಟಿ, ಒಂದೇ ಬಾನಿಯಲ್ಲಿ ಕಲಗಚ್ಚು ಕುಡಿಸುವನು. ಆರತಿಯು ಯುಕ್ತವೇ, ಒಂದೇ ಬಾನಿಯು ಯುಕ್ತವಲ್ಲ.

ಅನೇಕ ಊರುಗಳ ದನಗಳು ಸೇರುವ ಸ್ಥಳದಿಂದ ಬಂದ ರಾಸು ನೋಟಕ್ಕೆ ದೃಢವಾಗಿದ್ದರೂ ರೋಗದ ಸೋಂಕನ್ನು ಹೊತ್ತಿರಬಹುದು. ಕಾಲುಬಾಯಿ ರೋಗವು ಸಾಮಾನ್ಯವಾಗಿ ಸೋಂಕು ತಗುಲಿದ 2ರಿಂದ 14 ದಿನಗಳೊಳಗೆ ಹೊರಬೀಳುವುದು. ಬಾಯಲ್ಲಿ ಬೊಕ್ಕೆ ಕಾಣುವುದಕ್ಕೆ ಮೊದಲೇ ಅದು ನೆರೆಯ ರಾಸಿಗೆ ಹರಡಬಲ್ಲದು. 2019ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿ, 2022ರಲ್ಲಿ ಕರ್ನಾಟಕದ ದನಗಳನ್ನು ಬಹುವಾಗಿ ಪೀಡಿಸಿದ ಚರ್ಮಗಂಟು ರೋಗವು ನಾಲ್ಕು ವಾರಗಳವರೆಗೂ ಮರೆಯಾಗಿರಬಹುದು. ನೊಣ, ಸೊಳ್ಳೆ, ಉಣ್ಣೆಗಳು ಅದನ್ನು ಒಯ್ಯುತ್ತವೆ.

ಆದಕಾರಣ ಹೊಸ ರಾಸನ್ನು ನಾಲ್ಕು ವಾರ ಬೇರೆಯಾಗಿ ಕಟ್ಟತಕ್ಕದ್ದು. ಇದಕ್ಕೆ ಕಟ್ಟಡವೇನೂ ಬೇಡ. ಕೊಟ್ಟಿಗೆಗೆ ದೂರವಾಗಿ ಹಿತ್ತಿಲಿನಲ್ಲಿ ಒಂದು ಚಪ್ಪರ ಸಾಕು. ಬಾನಿ, ಹಗ್ಗ, ಬುಟ್ಟಿಗಳು ಪ್ರತ್ಯೇಕವಾಗಿರಲಿ. ಆಳು ಮೊದಲು ಹಳೆಯ ದನಗಳ ಕೆಲಸವನ್ನು ಮುಗಿಸಿ, ಅನಂತರ ಹೊಸದರ ಬಳಿಗೆ ಹೋಗಿ, ಹಿಂದಿರುಗುವಾಗ ಕೈಕಾಲು ತೊಳೆದುಕೊಳ್ಳಬೇಕು. ಉಣ್ಣೆಗಳನ್ನು ತೆಗೆಯಿಸಿ, ಹಾಕಿಸಿರುವ ಚುಚ್ಚುಮದ್ದುಗಳನ್ನು ಮಾರಿದವನಿಂದ ವಿಚಾರಿಸಿ, ಪಶುವೈದ್ಯರಿಗೆ ತೋರಿಸತಕ್ಕದ್ದು. ಜೊಲ್ಲು ಸುರಿಯುವುದು, ಕುಂಟುವುದು, ಚರ್ಮದಲ್ಲಿ ಗಂಟುಗಳೇಳುವುದು, ಮೇವು ಬಿಡುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ತಿಳಿಸಬೇಕು.

ಮೇವನ್ನೂ ಒಮ್ಮೆಗೇ ಬದಲಿಸಬಾರದು. ಹಿಂದಿನ ಮನೆಯ ಮೇವನ್ನು ಕೇಳಿ ತಿಳಿದು, ಏಳೆಂಟು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೊಸ ಮೇವಿಗೆ ರೂಢಿಸಬೇಕು.

ಅವಧಿಯು ಮುಗಿದ ಮೇಲೂ ಆತುರ ಸಲ್ಲದು. ದನಗಳ ಗುಂಪಿನಲ್ಲಿ ಹಿರಿದು ಕಿರಿದೆಂಬ ವ್ಯವಸ್ಥೆಯುಂಟು. ಹೊಸಬರು ಬಂದಾಗ ಅದು ಕದಡಿ, ಕೊಂಬಿನ ಹೋರಾಟವಾಗುವುದು. ಕೆಲವು ದಿನ ಪರಸ್ಪರ ಕಾಣುವಂತೆ ದೂರದಲ್ಲಿ ಕಟ್ಟಿ, ಬಳಿಕ ಹಗಲು ಹೊತ್ತಿನಲ್ಲಿ ವಿಶಾಲವಾದ ಬಯಲಿನಲ್ಲಿ, ಕಾವಲಿಟ್ಟು, ಕೂಡಲು ಬಿಡಬೇಕು. ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ಸೋತ ರಾಸಿಗೆ ಓಡಲು ಎಡೆಯಿರದು. ಗೋದಲಿಯಲ್ಲಿ ಮೇವನ್ನು ಬೇರೆ ಬೇರೆಯಾಗಿ ಹಾಕತಕ್ಕದ್ದು.

ಉಳುಮೆಯು ಕಾದಿರುವಾಗ ನಾಲ್ಕು ವಾರ ಎತ್ತನ್ನು ಸುಮ್ಮನೆ ಕಟ್ಟುವುದೆಂತು ಎಂದು ಕೆಲವರು ಕೇಳಬಹುದು. ಮಾಗಿಯ ಜಾತ್ರೆಯಲ್ಲಿ ಕೊಂಡವರಿಗೆ ಮುಂಗಾರಿನವರೆಗೆ ಕಾಲಾವಕಾಶವಿದೆ. ತಡವಾಗಿ ಕೊಳ್ಳುವವನೇ ಆತುರಕ್ಕೆ ಸಿಕ್ಕುವನು. ಇದು ಒಬ್ಬನ ಮನೆಯ ಮಾತಷ್ಟೇ ಅಲ್ಲ. ಊರ ಕೆರೆಯೂ ಗೋಮಾಳವೂ ಎಲ್ಲರವು. ಒಂದು ಕೊಟ್ಟಿಗೆಯಲ್ಲಿ ಹೊಕ್ಕ ರೋಗವು ಅವುಗಳ ಮೂಲಕ ಬಡವನ ಒಂಟಿ ಹಸುವನ್ನೂ ಮುಟ್ಟುವುದು. ಊರಿನ ಮುಖಂಡರು ತಮ್ಮ ಹಿತ್ತಿಲಿನಲ್ಲಿಯೇ ಮೊದಲ ಚಪ್ಪರವನ್ನು ಹಾಕಿಸಿದರೆ ಉಳಿದವರು ತಾವಾಗಿಯೇ ಅನುಸರಿಸುವರು.